ಶಾಂತಕುಮಾರಿಯ ಒಂದು ಇಂಗ್ಲಿಷ್ ವಾಕ್ಯ

ಹರಿಹರದ ಕಿರಾಣಿ ಅಂಗಡಿ ಮುರುಗೇಶಪ್ಪನ ಮನೆಗೆ ಗಂಡಿನವರು ಬರುತ್ತಾರೆಂದರೆ ಮೊದಲು ಬಚ್ಚಿಡುತ್ತಿದ್ದುದು ಚಿಕ್ಕ ಮಗಳನ್ನು.

ದೊಡ್ಡವಳು ಶಾಂತಕುಮಾರಿ ಕಪ್ಪಗಿದ್ದಳು. ಕೈಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ಏಳನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಚಿಕ್ಕವಳು ಉಮಾಮಹೇಶ್ವರಿಯದು ಕೆನೆಯಂಥ ಬಣ್ಣ, ಎಸ್ಸೆಸ್ಸೆಲ್ಸಿ ಓದು. ಹಿಂದೊಮ್ಮೆ ಗಂಡಿನವರ ಮುಂದೆ ಉಮಾ ನೀರಿನ ತಂಬಿಗೆ ಇಟ್ಟು ಹೋದದ್ದೇ ತಡ, ಬಂದವರ ಕಣ್ಣೆಲ್ಲ ಅವಳ ಹಿಂದೆಯೇ ಒಳಮನೆಗೆ ನಡೆದುಬಿಟ್ಟಿದ್ದವು. ಅಂದಿನಿಂದ ತಾಯಿ ಮರುಳಸಿದ್ದಮ್ಮ ಹುಷಾರಾದಳು. ಗಂಡಿನವರು ಬರುವ ದಿನ ಉಮಾ ಪಕ್ಕದ ದಿಲ್ಷಾದ್ ಬೇಗಂ ಮನೆಗೆ. ಗೂಟದ ಮೇಲಿನ ಅವಳ ಲಂಗ, ಗೋಡೆಯ ಫೋಟೊ, ಕಿಟಕಿಯ ಪುಸ್ತಕ ಎಲ್ಲ ಕೋಣೆಗೆ. ಸಂಬಂಧ ತರುವ ಮಧ್ಯಸ್ಥನಿಗೂ ತಾಕೀತು: ಇನ್ನೊಬ್ಬಳಿದ್ದಾಳೆಂದು ಉಸಿರೆತ್ತಬಾರದು.

ಇಷ್ಟೆಲ್ಲ ಮಾಡಿದರೂ ಬಂದವರು ಉಪ್ಪಿಟ್ಟು ತಿಂದು, ಕೈತೊಳೆದು, "ಹೇಳಿ ಕಳಿಸ್ತೀವಿ" ಎಂದು ಹೋಗುತ್ತಿದ್ದರು. ಹೇಳಿ ಕಳಿಸಿದವರು ಯಾರೂ ಇಲ್ಲ. ಕಾದಿದ್ದವನು ಒಬ್ಬನೇ, ಕೊಂಡಜ್ಜಿಯ ತೋಟಪ್ಪ. ಹೆಂಡತಿ ಸತ್ತವನು, ಎದೆಯುದ್ದ ಬೆಳೆದ ಮಕ್ಕಳ ತಂದೆ, ಮುರುಗೇಶಪ್ಪನಿಗಿಂತ ತುಸು ಹಿರಿಯನೇ. ಅಂಗಡಿಗೆ ಶೇಂಗಾ ಹಾಕಲು ಬಂದಾಗಲೆಲ್ಲ ತಂಬಾಕು ಮೆಲ್ಲುತ್ತ, "ನಿಮ್ಮ ಕರೇ ಹುಡುಗಿ ನನಗೇ ಇರ್ಲಿ ಬಿಡ್ರಿ, ನನ್ನ ಮನ್ಯಾಗ ಲಾಟೀನು ಐತೆ" ಎಂದು ನಗುತ್ತಿದ್ದ. ಮುರುಗೇಶಪ್ಪನೂ ಜೊತೆಗೆ ನಗುತ್ತಿದ್ದ. ಒಳಗೆ ಅಕ್ಕಿ ಆರಿಸುತ್ತಿದ್ದ ಶಾಂತಕುಮಾರಿಗೆ ಆ ಎರಡೂ ನಗು ಕೇಳಿಸುತ್ತಿದ್ದವು.

ಅಂಥದರಲ್ಲಿ ದಾವಣಗೆರೆ ಪಿ.ಜೆ. ಬಡಾವಣೆಯಿಂದ ಸಂಬಂಧವೊಂದು ಬಂತು. ಹುಡುಗ ನಾಗರಾಜಪ್ಪ, ಮಿಲ್ಲಿನ ಆಫೀಸಿನಲ್ಲಿ ಕೆಲಸ.

"ಬಣ್ಣ ನೋಡೋನಲ್ಲ ಅವ," ಎಂದ ಮಧ್ಯಸ್ಥ. "ಇಂಗ್ಲಿಷ್ ಹುಚ್ಚು. ಹೋದಲ್ಲೆಲ್ಲ ಒಂದೇ ಪ್ರಶ್ನಿ. ಚಾಕ್ ಅಂಡ್ ಚೀಸ್ ಅನ್ನೋದನ್ನ ವಾಕ್ಯದಾಗ ಹಾಕ್ರಿ ಅಂತಾನೆ. ಹುಡುಗ್ಯಾರು ಬೆಬ್ಬಬ್ಬೆ ಅಂತಾರೆ. ಅದೊಂದು ಕಲಿಸಿಬಿಡ್ರಿ, ಮದುವಿ ಆದಂಗೆ."

"ಇದೂ ತಪ್ಪಿದ್ರೆ ತೋಟಪ್ಪಗೇ ಹೂಂ ಅಂದುಬಿಡ್ತೀನಿ," ಎಂದ ಮುರುಗೇಶಪ್ಪ. ಈ ಸಲ ಅವನು ನಗಲಿಲ್ಲ.

ಅಡಿಗೆಮನೆಯೇ ಶಾಲೆಯಾಯಿತು. ಉಮಾ ಹೇಳಿಕೊಡುವುದು, ಶಾಂತಕುಮಾರಿ ರೊಟ್ಟಿ ತಟ್ಟುತ್ತ ಒಪ್ಪಿಸುವುದು.

"ಎರಡು ಒಂದಕ್ಕೊಂದು ಸಂಬಂಧಾನೇ ಇಲ್ಲದಂಗೆ ಇದ್ರೆ ಹಂಗೆ ಅಂತಾರಕ್ಕ. ಚಾಕ್ ಅಂದ್ರೆ ಸೀಮೆಸುಣ್ಣ."

"ಚೀಸ್ ಅಂದ್ರೆ ಏನೇ?"

"ಹಾಲಿಂದ ಮಾಡ್ತಾರಂತೆ. ನಮ್ಮ ಮೇಷ್ಟ್ರೂ ನೋಡಿಲ್ಲಂತೆ."

"ನೋಡಲಾರದ್ದನ್ನ ಹೆಂಗೆ ಹೇಳ್ಲೇ?"

"ಗಂಡನ್ನೂ ನೋಡಿಲ್ಲ, ಮದುವಿ ಆಗಾಕ ಹೊಂಟಿಲ್ಲೇನು?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಉಮಾ ಮೂರು ವಾಕ್ಯ ಕಟ್ಟಿದಳು. ಪಟ್ಟಣ-ಹಳ್ಳಿಯದೊಂದು, ಬೇಸಿಗೆ-ಚಳಿಗಾಲದ್ದೊಂದು, ಅಕ್ಕ-ತಂಗಿಯದೊಂದು. ಮೊದಲಿನ ಎರಡು ಶಾಂತಕುಮಾರಿಯ ನಾಲಿಗೆಗೆ ಹತ್ತಲಿಲ್ಲ. ಮೂರನೆಯದರಲ್ಲಿ 'ಸಿಸ್ಟರ್' ಇತ್ತು. ಆಸ್ಪತ್ರೆಯ ದೆಸೆಯಿಂದ ಆ ಪದ ಅವಳಿಗೆ ಗೊತ್ತಿತ್ತು. ಮೈ ಸಿಸ್ಟರ್ ಅಂಡ್ ಐ ಆರ್ ಆಸ್ ಡಿಫರೆಂಟ್ ಆಸ್ ಚಾಕ್ ಅಂಡ್ ಚೀಸ್.

"ಇದೇ ಇರ್ಲೇ. ಮರೆತ್ರೂ ನಿನ್ನ ಮುಖ ನೆನಸ್ಕೊಂಡ್ರೆ ಬಂದುಬಿಡ್ತೈತೆ."

ಉಮಾ ಒಂದು ಗಳಿಗೆ ಅಕ್ಕನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ, "ಇರ್ಲಿ ಬಿಡು," ಎಂದು ಬಿಸಿ ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡಳು.

ಅಪ್ಪ ಅವ್ವನ ಮುಂದೆಯೂ ಶಾಂತಕುಮಾರಿ ಒಪ್ಪಿಸಿದಳು. ಇಂಗ್ಲಿಷಿನ ಗಂಧ ಇಬ್ಬರಿಗೂ ಇಲ್ಲ. "ಗಿಣಿ ಮಾತಾಡಿದಂಗೆ ಐತೆ!" ಎಂದು ಮರುಳಸಿದ್ದಮ್ಮ ಮಗಳ ದೃಷ್ಟಿ ತೆಗೆದಳು. ಲಂಗ, ಫೋಟೊ, ಪುಸ್ತಕ ಎಲ್ಲವನ್ನೂ ಹುಡುಕಿ ಹುಡುಕಿ ಬಚ್ಚಿಟ್ಟವರಿಗೆ ಆ ವಾಕ್ಯದೊಳಗೆ ಚಿಕ್ಕ ಮಗಳು ಕೂತಿದ್ದು ಕಾಣಲೇ ಇಲ್ಲ.

ಗಂಡಿನವರು ಬಂದರು. ಹುಡುಗನ ತಾಯಿ ಸರ್ವಮಂಗಳಮ್ಮ ಕೂತಲ್ಲಿಂದಲೇ ಶಾಂತಕುಮಾರಿಯನ್ನು ಬಾಗಿಲ ತನಕ ನಡೆಸಿದಳು, ವಾಪಸು ನಡೆಸಿದಳು. ಜಡೆ ಜಗ್ಗಿ ಚೌರಿ ಕೂದಲೇನೋ ಎಂದು ನೋಡಿದಳು. ಸೆರಗಿನ ತುದಿಯನ್ನು ನೀರಿಗದ್ದಿ ಕೆನ್ನೆ ಒರೆಸಿ, ಆ ತುದಿಯನ್ನು ಎಲ್ಲರಿಗೂ ತೋರಿಸಿದಳು.

"ಡಬ್ಬಿ ಪೌಡರು ಪೂರಾ ಖರ್ಚಾದಂಗೈತಲ್ರೀ!"

ನಾಗರಾಜಪ್ಪ ಗಂಟಲು ಸರಿಪಡಿಸಿಕೊಂಡು ತನ್ನ ಪ್ರಶ್ನೆ ಕೇಳಿದ. ಶಾಂತಕುಮಾರಿ ಕಣ್ಣುಮುಚ್ಚಿ, ತಂಗಿಯ ಮುಖ ನೆನೆದು, ತಡವರಿಸದೆ ಹೇಳಿದಳು.

"ಭೇಷ್!" ಎಂದು ಅವನು ತೊಡೆ ತಟ್ಟಿದ. ಅವಳ ಜನ್ಮದಲ್ಲಿ ಒಬ್ಬ ಗಂಡಸು ಅವಳನ್ನು ಮೆಚ್ಚಿದ್ದು ಅದೇ ಮೊದಲು. ಎದೆ ಹಗುರಾಯಿತು.

"ಏನಂತಪ್ಪ ಅದು? ನಮಗೂ ಹೇಳು," ಎಂದಳು ಸರ್ವಮಂಗಳಮ್ಮ.

"ತನಗೂ ತನ್ನ ತಂಗಿಗೂ ಸೀಮೆಸುಣ್ಣಕ್ಕೂ ಹಾಲಿಂದ ಮಾಡೋ ಚೀಸಿಗೂ ಇದ್ದಷ್ಟು ಫರಕು ಅಂತ."

"ತಂಗಿ? ಯಾವ ತಂಗಿ?"

ಶಾಂತಕುಮಾರಿ ಕಣ್ಣು ತೆರೆದಳು. ಅವ್ವನ ಕೈ ಬಾಯಿಯ ಮೇಲಿತ್ತು.

"ಕರೀರಿ ಆಕಿನ್ನ," ಎಂದಳು ಸರ್ವಮಂಗಳಮ್ಮ, "ಫರಕು ಎಷ್ಟೈತೆ ನಾವೂ ನೋಡಾನ."

ದಿಲ್ಷಾದ್ ಬೇಗಂ ಕೈಹಿಡಿದು ಕರೆತಂದಳು. ಅಡಗಿ ಕೂರಲು ಹೋದ ಹುಡುಗಿ ಮುಖ ತೊಳೆದು ಮಲ್ಲಿಗೆ ಮುಡಿದಿದ್ದಳು. ಸರ್ವಮಂಗಳಮ್ಮ ಎದ್ದು ಇಬ್ಬರನ್ನೂ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದಳು.

"ಸೀಮೆಸುಣ್ಣ ಯಾರು ಅಂತ ಕೇಳೋದು ಬ್ಯಾಡ. ಇನ್ನೊಂದು ಮಾತ್ರ ಹಾಲಿಂದಲ್ಲ ಬಿಡು, ಹಂಚಿನ ಮಸಿದು!"

ನಾಗರಾಜಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ನಿಂತ ಮೇಲೆ ಅವನ ತಾಯಿ ವ್ಯವಹಾರಕ್ಕಿಳಿದಳು. "ಕೊಡೋದಾದ್ರೆ ಸಣ್ಣಾಕಿನ್ನ ಕೊಡ್ರಿ."

"ದೊಡ್ಡಾಕಿ ಮನ್ಯಾಗ ಇರುವಾಗ ಹೆಂಗ್ರಿ?" ಮುರುಗೇಶಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

"ದೊಡ್ಡಾಕಿದು ಮೊದಲು ಎಲ್ಲ್ಯಾದ್ರೂ ಮುಗಿಸ್ರಿ. ನಾವೇನು ಓಡಿ ಹೋಗಲ್ಲ."

ಮರುಳಸಿದ್ದಮ್ಮ ಚಿಕ್ಕವಳತ್ತ ತಿರುಗಿದಳು. "ಏನಂತೀಯವ್ವ?"

ಒಲ್ಲೆ ಅನ್ನು, ಎಂದು ಶಾಂತಕುಮಾರಿ ಮನಸ್ಸಿನಲ್ಲೇ ಅಂಗಲಾಚಿದಳು. ಒಂದು ಸಲ ಅನ್ನು, ಸುಳ್ಳಿಗಾದರೂ ಅನ್ನು. ಉಮಾ ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಗೀರಿದಳು. ಹೆಣ್ಣುಮಕ್ಕಳ ಒಪ್ಪಿಗೆ ಅದು; ಗೊತ್ತಿಲ್ಲದವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಕೊಂಡಜ್ಜಿಗೆ ಆಳು ಹೋಯಿತು.

ಒಂದೇ ಚಪ್ಪರ, ಎರಡು ಮದುವೆ. ದೊಡ್ಡವಳದು ನಸುಕಿನಲ್ಲಿ ಮುಗಿಯಬೇಕು, ದಾವಣಗೆರೆಯವರು ರೈಲಿಳಿಯುವುದರೊಳಗೆ. ಅಯ್ಯನವರು ಅವಸರ ಅವಸರವಾಗಿ ಮಂತ್ರ ಹೇಳಿ ತಾಳಿ ಕಟ್ಟಿಸಿದರು. ಬೆರಳೆಣಿಕೆಯ ಜನ ಆಕಳಿಸುತ್ತ ಅಕ್ಕಿಕಾಳು ಹಾಕಿದರು. ಕಾಳು ಇನ್ನೂ ತಲೆಯ ಮೇಲಿರುವಾಗಲೇ ಮರುಳಸಿದ್ದಮ್ಮ ಒಳಗೆ ಕರೆದಳು.

"ಲಗೂನ ತೆಗಿಯವ್ವ. ಸ್ಟೇಷನ್‌ದಾಗ ಇಳಿದಾರಂತೆ."

ಮನೆಯಲ್ಲಿದ್ದುದು ಒಂದೇ ಜೊತೆ ಒಡವೆ. ಶಾಂತಕುಮಾರಿ ಸರ ಬಿಚ್ಚಿದಳು, ಬಳೆ ಜಾರಿಸಿದಳು, ಸೊಂಟದ ಡಾಬು ಕಳಚಿದಳು. ತಾಳಿಯೊಂದೇ ಉಳಿಯಿತು. ಅವ್ವನಿಗೆ ಡಾಬಿನ ಕೊಂಡಿ ಹಾಕಲು ಬರದು, ಅದಕ್ಕೆ ಅವಳೇ ಮೊಣಕಾಲೂರಿ ಕೂತು ತಂಗಿಯ ಸೊಂಟಕ್ಕೆ ಕಟ್ಟತೊಡಗಿದಳು.

"ಅಕ್ಕ, ಸಿಟ್ಟೇನೇ?" ಎಂದಳು ಉಮಾ, ಮೇಲಿನಿಂದ.

"ಆವತ್ತು ರೊಟ್ಟಿ ತಟ್ಟುವಾಗ ಏನೋ ಹೇಳಾಕ ಬಾಯಿ ತೆರೆದಿದ್ದೆಲ್ಲ. ಏನದು?"

ಹೊರಗೆ ತೋಟಪ್ಪ ಎತ್ತು ಹೂಡುತ್ತ ಕೂಗುತ್ತಿದ್ದ, "ಬಿಸಿಲೇರೋದ್ರೊಳಗೆ ಹೊಂಡು ಅನ್ರಿ ಆಕಿಗೆ, ಮನ್ಯಾಗ ದನ ಕಾಯ್ತಾವೆ!"

ಉಮಾ ಕೊಂಡಿಯ ಮೇಲೆ ಬೆರಳಾಡಿಸಿದಳು.

"ಡಾಬು ಬಿಗಿ ಆತಕ್ಕ," ಎಂದಳು.

ಶಾಂತಕುಮಾರಿ ಒಂದು ಕೊಂಡಿ ಸಡಿಲಿಸಿ ಎದ್ದು, ಗಾಡಿಯತ್ತ ನಡೆದಳು.