ಸೋರುವ ಗಾಡಿ ಬಿಡದ ನಂಜಪ್ಪ

ಬೀಡಿ ಕಚ್ಚಿಕೊಂಡು ಅಂಗಡಿಗೆ ಬಂದವರನ್ನು ನಂಜಪ್ಪ ಮಾತಾಡಿಸುತ್ತಿರಲಿಲ್ಲ. ಹತ್ತಿರ ಬಂದು ಬೀಡಿಯನ್ನು ತುಟಿಯಿಂದ ಕಿತ್ತು, ಮಣ್ಣಿನಲ್ಲಿ ತಿಕ್ಕಿ ಆರಿಸಿ, ಆಮೇಲೆ "ಏನಾಗೈತೆ ಗಾಡಿಗೆ?" ಎನ್ನುತ್ತಿದ್ದ. ಕೊಬ್ಬರಿ ಮಂಡಿಯ ಸಾಹುಕಾರರಾದರೂ ಅಷ್ಟೇ, ಪೊಲೀಸಿನವರಾದರೂ ಅಷ್ಟೇ.

ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ ತೆಂಗಿನ ಗರಿಯ ಚಪ್ಪರದಡಿ ಆತನ ಮೆಕ್ಯಾನಿಕ್ ಅಂಗಡಿ. ನಾನಾಗ ದನದ ಆಸ್ಪತ್ರೆಯ ಕೆಲಸಕ್ಕೆ ಹೊಸಬ. ಭಾವನಿಂದ ಕೊಂಡ ಹಳೇ ಬೈಕಿನಲ್ಲಿ ಹಳ್ಳಿ ಸುತ್ತುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ದಿನಗಳವು.

ಒಂದು ದಿನ ನೊಣವಿನಕೆರೆಯ ಕಡೆ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ಅರ್ಧ ದಾರಿಯಲ್ಲಿ ಬೈಕು ಮುಗ್ಗರಿಸತೊಡಗಿತು. ನಂಜಪ್ಪನ ಅಂಗಡಿಯವರೆಗೆ ಹೇಗೋ ತಂದೆ. ಆತ ಬಗ್ಗಿ ನೋಡಿದ. ಕಾರ್ಬೋರೇಟರಿನಿಂದ ಪೆಟ್ರೋಲು ಕಾದ ಇಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಿಚ್ಚಿದಾಗ ಒಳಗೆ ಟ್ಯಾಂಕಿನಿಂದ ಇಳಿದ ತುಕ್ಕು. ಪೆಟ್ರೋಲನ್ನು ತಡೆಯಬೇಕಾದ ಪುಟ್ಟ ಸೂಜಿ ಸವೆದುಹೋಗಿತ್ತು.

"ತೊಳೆದು ಹಾಕಿಕೊಡಪ್ಪ, ನಿಧಾನಕ್ಕೆ ಹೋಗ್ತೀನಿ. ಅಲ್ಲಿ ಹಸು ಸಾಯ್ತಿದೆ" ಎಂದೆ.

"ಸೋರೋ ಗಾಡೀನ ನಾನು ಬುಡಾಕಿಲ್ಲ ಡಾಕ್ಟ್ರೇ" ಎಂದು ಪ್ಲಗ್ಗು ಬಿಚ್ಚಿ ಜೇಬಿಗೆ ಹಾಕಿಕೊಂಡ. ತನ್ನ ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿದ. ಬೈದುಕೊಂಡೇ ತುಳಿದೆ. ಹಸುವೂ ಕರುವೂ ಉಳಿದವು. ಆದರೂ ವಾಪಸು ಬರುವಾಗ ನನ್ನ ಸಿಟ್ಟು ಇಳಿದಿರಲಿಲ್ಲ. ಅಷ್ಟರಲ್ಲಿ ಆತ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಹೊಸ ಸೂಜಿ ತಂದು ಹಾಕಿದ್ದ. ಕಾರ್ಬೋರೇಟರಿನ ಕೆಳಗೆ ಹಾಸಿದ್ದ ಹಳೇ ಪೇಪರನ್ನು ತೋರಿಸಿದ. ಒಂದು ಹನಿಯ ಕಲೆಯೂ ಇರಲಿಲ್ಲ.

"ಸಿಟ್ಟಾಗಿದ್ದೀರಿ. ಬನ್ನಿ, ಮನೇಲಿ ಕಾಫಿ ಕುಡ್ಕೊಂಡು ಹೋಗೀರಂತೆ" ಎಂದ.

ಮನೆ ಅಂಗಡಿಯ ಹಿಂದೆಯೇ. ಒಲೆ ಹಚ್ಚಿ ಕಾಫಿ ಕಾಯಿಸಿದವನು ಆತನೇ. ಹೆಂಡತಿ ಗೌರಮ್ಮ ಗೋಡೆಗೊರಗಿ ಕೂತಿದ್ದರು. ಸುಟ್ಟು ಮುದುರಿದ ಅವರ ಕೈಗಳಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಂಜಪ್ಪ ಲೋಟವನ್ನು ಆಕೆಯ ತುಟಿಗೆ ಹಿಡಿದು, ಆರಿದೆಯೇ ಎಂದು ಕೇಳಿ ಕೇಳಿ ಕುಡಿಸಿದ.

"ಆಗ ಇವರು ತಮ್ಮ ಗಾಡೀನ ಪಡಸಾಲೇಲೇ ನಿಲ್ಲಿಸ್ತಿದ್ರು ಕಣಪ್ಪ" ಎಂದರು ಗೌರಮ್ಮ. "ಸೋರ್ತಿತ್ತು, ನಾಳೆ ನೋಡ್ತೀನಿ ಅಂದಿದ್ರು. ದೀಪ ಹಚ್ಚಿದೋಳು ನಾನು. ವಾಸನೆ ಬರ್ತಿತ್ತು, ಆದ್ರೂ ಕಡ್ಡಿ ಗೀರಿದೆ."

"ಹೊತ್ತು ಮುಳುಗಿದ ಮೇಲೆ ದೀಪ ಹಚ್ಚದೆ ಇನ್ನೇನ್ ಮಾಡ್ತಾರೆ" ಎಂದ ನಂಜಪ್ಪ. "ಅದ್ರಾಗೆ ಅವಳ ತಪ್ಪೇನೈತೆ."

ಅವರಿಬ್ಬರೂ ಈ ಮಾತನ್ನು ಹಿಂದೆಯೂ ಎಷ್ಟೋ ಸಲ ಆಡಿರಬೇಕು. ಗೌರಮ್ಮನ ತಾಯಿ ಮಾತ್ರ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಮಗಳ ಕೈ ನೋಡಿ ಹೋದವರು ಮತ್ತೆ ಈ ಮನೆಯ ಹೊಸಿಲು ತುಳಿದಿರಲಿಲ್ಲ.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅಲ್ಲಿ ನಿಲ್ಲುತ್ತಿದ್ದೆ. ಆತ ಹೆಂಡತಿಗೆ ತಲೆ ಬಾಚಿ ಜಡೆ ಹಾಕುವುದನ್ನೂ ನೋಡಿದ್ದೇನೆ. ಜಡೆ ಸೊಟ್ಟಗಾದರೆ ಆಕೆ ನಗುತ್ತಿದ್ದರು, ಆತ ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ಕೆಲವು ವರ್ಷ ಹೀಗೆ ನಡೆಯಿತು. ಒಂದು ಮಳೆಗಾಲ ಗೌರಮ್ಮ ಜ್ವರ ಬಂದು ಮಲಗಿದವರು ಏಳಲಿಲ್ಲ.

ಕೊನೆಯ ಸಲ ಆತನನ್ನು ಕಂಡದ್ದು ಅದೇ ಕೂಡುರಸ್ತೆಯಲ್ಲಿ. ಕೈಚೀಲ ಹಿಡಿದು ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದ.

"ಎಲ್ಲಿಗೆ ನಂಜಪ್ಪಣ್ಣ?"

"ಮಾಯಸಂದ್ರದ ಹತ್ರ, ಅತ್ತೆ ಮನೆಗೆ. ಮುದುಕಿಗೆ ಕಣ್ಣು ಕಾಣಾಕಿಲ್ಲ. ಇದ್ದೋಳು ಇವಳೊಬ್ಬಳೇ ಮಗಳು. ಇನ್ಯಾರು ನೋಡ್ತಾರೆ?"

"ಅವರು ಮಾತಾಡಿಸ್ತಾರಾ?"

"ಮಾತಾಡಿಸ್ದೇ ಇದ್ರೂ ಗಂಜಿ ಕುಡೀಲೇಬೇಕಲ್ಲ" ಎಂದು ಬಸ್ಸು ಹತ್ತಿದ.

ಮರುವರ್ಷ ದನಗಳಿಗೆ ಲಸಿಕೆ ಹಾಕಲು ಆ ಊರಿಗೇ ಹೋಗಬೇಕಾಯಿತು. ಕೇಳಿಕೊಂಡು ಮನೆ ಹುಡುಕಿದೆ. ಜಗಲಿಯ ಮೇಲೆ ಅಜ್ಜಿ ಒಬ್ಬರೇ ಕೂತಿದ್ದರು. ಅಳಿಯನ ಗೆಳೆಯ ಎಂದು ಹೇಳಿಕೊಂಡೆ. ಪಕ್ಕದ ಜಾಗ ತಡವಿ ನನ್ನನ್ನು ಕೂರಿಸಿಕೊಂಡರು.

"ಬಂದು ಬಾಗಿಲಾಗೆ ನಿಂತ" ಎಂದರು ಆಮೇಲೆ. "ನಾನು ಬಾ ಅನ್ನಲಿಲ್ಲ, ಹೋಗೂ ಅನ್ನಲಿಲ್ಲ. ನೀರು ಕಾಯ್ಸಿದ, ಗಂಜಿ ಮಾಡಿದ. ಕೊಟ್ರೆ ಕುಡೀತಿದ್ದೆ, ಮಾತಾಡ್ತಿರಲಿಲ್ಲ. ಮನಸ್ಸು ಕರಗಿತ್ತು ಕಣಪ್ಪ, ಮಾತೇ ಬರ್ತಿರಲಿಲ್ಲ. ಹಬ್ಬದ ಮಾರನೇ ದಿನ ಬೆಳಗ್ಗೆ ನಾನೇ 'ನಂಜಪ್ಪಾ' ಅಂತ ಕೂಗಿದೆ. ಓ ಅನ್ನಲಿಲ್ಲ. ಸಿಟ್ಟಾಗವ್ನೆ ಅಂದ್ಕೊಂಡು ಇನ್ನೊಂದು ಸಲ ಕೂಗಿದೆ. ಎದ್ದು ಹೋಗಿ ತಡವಿದ್ರೆ ಮೈ ತಣ್ಣಗಾಗಿತ್ತು."

ಮಣ್ಣು ಮಾಡಿದ ಜಾಗ ತೋಟದ ಅಂಚಿನಲ್ಲಿದೆ, ತೋರಿಸುತ್ತೇನೆ ಎಂದು ಅಜ್ಜಿ ಗೋಡೆ ಹಿಡಿದುಕೊಂಡು ಎದ್ದರು. ಕೈ ಕೊಟ್ಟೆ. ಕಣ್ಣು ಕಾಣದಿದ್ದರೂ ಎಲ್ಲಿ ತಿರುಗಬೇಕೆಂದು ಅವರೇ ಹೇಳುತ್ತಾ ನಡೆದರು.