ತಟ್ಟೆಯಲ್ಲಿ ಉಳಿದ ಬಯಲು

ಅಂಗೈಯಗಲದ ಗಾಜಿನ ತಟ್ಟೆ. ಒಳಗೆ ಗಂಜಿತಿಳಿಯಂತೆ ಹೆಪ್ಪುಗಟ್ಟಿದ ಪದರ. ಮೇಲೆ ಆರು ಬಿಳಿ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ಔಷಧ ಹೀರಿಸಿದ್ದು. ಐದರ ಅಂಚಿನವರೆಗೂ ಬ್ಯಾಕ್ಟೀರಿಯಾ ಮಂಜಿನಂತೆ ಹಬ್ಬಿದೆ. ಆರನೆಯದರ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ವೃತ್ತ, ಬಯಲಿನಂತೆ; ಆ ಔಷಧವೊಂದೇ ಬ್ಯಾಕ್ಟೀರಿಯಾವನ್ನು ತಡೆದಿದೆ.

ಹೊಸಪೇಟೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ, ನಸುಕಿಗೇ, ಆ ತಟ್ಟೆಯನ್ನು ಬೆಳಕಿಗೆ ಹಿಡಿದಿರುವವರು ತಂತ್ರಜ್ಞೆ ಗಂಗಾಂಬಿಕಾ. ಇದು ಎಮ್ಮಿಗನೂರಿನ ವಿರುಪಮ್ಮನ ರಕ್ತದಿಂದ ಬೆಳೆದದ್ದು. ಕಬ್ಬಿನ ಗದ್ದೆಯಲ್ಲಿ ದಿನವಿಡೀ ಮೂತ್ರ ತಡೆದು ದುಡಿದಾಕೆಯ ಸೋಂಕು ಈಗ ನೆತ್ತರಿಗೇರಿದೆ. ಊಹೆಯ ಮೇಲೆ ಆರಂಭಿಸಿದ ಔಷಧ ಆ ಐದರಲ್ಲೊಂದು. ವರದಿ ಅಚ್ಚಾಗುವವರೆಗೆ ಗಂಗಾಂಬಿಕಾ ಕಾಯುವುದಿಲ್ಲ. ವಾರ್ಡಿಗೆ ಫೋನು ಮಾಡುತ್ತಾರೆ.

ವೈದ್ಯ ಮಾಲತೇಶ್ ಬಂದು ತಟ್ಟೆಯ ಮೇಲೆ ಬಾಗುತ್ತಾರೆ.

"ಅಮಿಕಾಸಿನ್ ಒಂದ ಉಳೀತೇನ್ರಿ ಗಂಗಕ್ಕ?"

"ಒಂದ ರೀ ಸಾರ್. ಬ್ಯಾರೆ ಔಷಧದ ತಟ್ಟಿನೂ ನೋಡೀನಿ."

"ಬಿಪಿ ಇಳೀಲಿಕತ್ತೈತಿ. ಕಿಡ್ನಿಗೆ ತ್ರಾಸ ಆದ್ರೂ ಇದನ್ನ ಕೊಡಬೇಕು. ಕಿಡ್ನಿ ನೋಡಾಕ ದಿನಾ ರಕ್ತ ಕಳಸ್ತೀನಿ."

ಹೊರಗಿನ ಬೆಂಚಿನಲ್ಲಿ ವಿರುಪಮ್ಮನ ಗಂಡ ಉಚ್ಚೆಂಗಪ್ಪ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಗಂಗಾಂಬಿಕಾ ಅವರನ್ನೂ ಕೇಳುತ್ತಾರೆ: "ಇಲ್ಲಿಗೆ ಬರೂಕಿಂತ ಮೊದ್ಲ ಏನ್ ಗುಳಿಗಿ ಕೊಟ್ಟಿದ್ರಿ?"

"ನಮ್ಮ ತಂಗೀವು ಉಳಿದಿದ್ವು ಅಕ್ಕಿ ಡಬ್ಬ್ಯಾಗ. ಎರಡು ಕೊಟ್ಟೆ. ಜ್ವರ ಬಿಡ್ತು. ಮಿಕ್ಕಿದ್ದು ಮತ್ತ ಅಲ್ಲೇ ಇಟ್ಟೆ."

"ಗುಳಿಗಿ ಏನ್ ಉಪ್ಪಿನಕಾಯೇನಣ್ಣಾ, ಇಟ್ಕೊಂಡು ಇಟ್ಕೊಂಡು ತಿನ್ನಾಕ? ಅರ್ಧಕ್ಕ ಬಿಟ್ರ ಕ್ರಿಮಿ ಮುಂದ ಔಷಧಕ್ಕ ಬಗ್ಗಂಗಿಲ್ಲ."

ನಗಲು ಹೋದ ಉಚ್ಚೆಂಗಪ್ಪನವರ ಮುಖ ಅರ್ಧಕ್ಕೇ ನಿಲ್ಲುತ್ತದೆ. "ಆಕಿ ಉಳೀತಾಳೇನಕ್ಕಾ?"

"ಮೊದ್ಲ ಕೊಟ್ಟಿದ್ದ ಔಷಧ ಹತ್ತಿಲ್ಲ. ಹತ್ತೋದೊಂದು ಸಿಕ್ಕೈತಿ. ಅಷ್ಟ ನಾ ಹೇಳಾಕ ಬರೋದು."

ಪಾಪಿನಾಯಕನಹಳ್ಳಿಯ ರೈತರ ಮನೆಯ ಮಗಳಾದ ಗಂಗಾಂಬಿಕಾ ಕೂದಲು ನೆರೆಸಿಕೊಂಡದ್ದು ಇದೇ ಮೇಜಿನ ಮುಂದೆ. ಸಂಡೂರು, ಕಂಪ್ಲಿಗಳಿಂದಲೂ ಪರೀಕ್ಷೆಗೆ ರಕ್ತದ ಬಾಟಲಿಗಳು ಬರುತ್ತವೆ, ಮುಖಗಳು ಬರುವುದಿಲ್ಲ. ನಿಂತು ನಿಂತು ಮೀನಖಂಡ ಊದಿದೆ, ಕನ್ನಡಕ ದಪ್ಪವಾಗಿದೆ. ಅವರನ್ನು ದಣಿಸಿರುವುದು ಅದಲ್ಲ. ಕೇಳಿದವರಿಗೆ ತಟ್ಟೆಯ ತಿಳಿ ವೃತ್ತವನ್ನು ತೋರಿಸಿ ಹೇಳುತ್ತಾರೆ:

"ನಾ ಸೇರಿದಾಗ ಈ ಬಯಲು ಭಾಳ ಅಗಲ ಇರ್ತಿದ್ವು. ವರ್ಷಾ ವರ್ಷಾ ಸಣ್ಣ ಆಗ್ಲಿಕತ್ಯಾವ. ಈಗ ಹುಡುಕಬೇಕು. ರಿಟೈರ್ ಆಗೋದ್ರಾಗ ಒಂದಾದ್ರೂ ತಟ್ಟಿ, ಆರಕ್ಕ ಆರೂ ಬಯಲಾಗಿದ್ದು, ನೋಡಬೇಕ್ರಿ."

ಕೆಲವು ಬೆಳಗುಗಳ ನಂತರ ವಿರುಪಮ್ಮನ ಹೊಸ ರಕ್ತದ ಬಾಟಲಿಯಲ್ಲಿ ಏನೂ ಬೆಳೆದಿಲ್ಲ. ಜ್ವರ ಇಳಿದಿದೆ, ಗಂಜಿ ಬೇಕೆಂದಿದ್ದಾಳೆ. ಉಚ್ಚೆಂಗಪ್ಪ ಒಳಗೆ ಬಂದು, ಅಕ್ಕಿ ಡಬ್ಬಿಯ ಹಿಟ್ಟು ಮೆತ್ತಿದ ಗುಳಿಗೆ ಪಟ್ಟಿಯೊಂದನ್ನು ಮೇಜಿನ ಮೇಲಿಡುತ್ತಾರೆ.

"ಊರಿಂದ ತಂದೆ. ಮನ್ಯಾಗ ಇದ್ರ ಯಾರಾರ ಕೇಳ್ತಾರಕ್ಕಾ."

"ಚಲೋ ಮಾಡಿದ್ರಿ. ಹೋಗ್ರಿ, ಗಂಜಿ ಆರ್ತೈತಿ."

ಗಂಗಾಂಬಿಕಾ ಆಗಲೇ ಇನ್ನೊಂದು ತಟ್ಟೆಯನ್ನು ಬೆಳಕಿಗೆ ಎತ್ತಿದ್ದಾರೆ. ಉಚ್ಚೆಂಗಪ್ಪ ಹೊರಡುತ್ತಾರೆ, ಅವರ ಬೆನ್ನಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತದೆ.