ಟೈಮಿಂಗ್ ಬೆಲ್ಟಿನ ಆರು ವರ್ಷ

೨೦೦೪ರ ಒಂದು ಶನಿವಾರ ಮಧ್ಯಾಹ್ನ, ಇಲವಾಲ ಇನ್ನು ಎರಡು ಕಿಲೋಮೀಟರ್ ಇದೆ ಅನ್ನುವಾಗ ನನ್ನ ಕಾರು ನಿಂತುಹೋಯಿತು. ಹೊಗೆ ಬರಲಿಲ್ಲ, ಏನೂ ಒಡೆದ ಸದ್ದಾಗಲಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಮಾತ್ರ ಯಾವ ಭಾರವೂ ಇಲ್ಲದಂತೆ ಹಗುರವಾಗಿ ಸುತ್ತುತ್ತಿತ್ತು. ಮೀಟರ್ ನೋಡಿ ಡೈರಿಯಲ್ಲಿ ೫೮,೩೧೬ ಎಂದು ಬರೆದುಕೊಂಡೆ. ಆಮೇಲೆ ಫೋನ್ ಬೂತ್ ಹುಡುಕಿಕೊಂಡು ನಡೆದೆ.

ನಜರ್‌ಬಾದಿನ ಮೆಕ್ಯಾನಿಕ್ ಒಬ್ಬರು ತಮ್ಮ ಹಳೇ ಜೀಪು ತಂದು, ಹಗ್ಗ ಕಟ್ಟಿ ಗ್ಯಾರೇಜಿನವರೆಗೆ ಎಳೆದುಕೊಂಡು ಹೋದರು. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಕಡಿದುಹೋಗಿದ್ದನ್ನು ಸತ್ತ ಹಾವಿನ ಹಾಗೆ ಎತ್ತಿ ತೋರಿಸಿದರು.

"ಇದು ಯಾವಾಗ ಹಾಕ್ಸಿದ್ದು ಸಾರ್?"

ಇಂಥ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾನು ಡೈರಿ ಇಟ್ಟಿದ್ದೆ. "ಹನ್ನೊಂದು ಸಾವಿರದ ಇನ್ನೂರ ನಲವತ್ತು ಕಿಲೋಮೀಟರ್ ಹಿಂದೆ. ಅರವತ್ತು ಸಾವಿರ ಬರುತ್ತೆ ಅಂತ ಪುಸ್ತಕದಲ್ಲಿದೆ."

"ಕಿಲೋಮೀಟರ್ ಬುಡಿ. ವರ್ಷ ಎಷ್ಟಾಯ್ತು?"

ಪುಟ ತಿರುವಿದೆ. ಆರು.

"ಅಲ್ಲೇ ಎಡವಿದ್ದು ನೀವು. ರಬ್ಬರ್ ಕಣ್ರೀ ಇದು. ಓಡಿದ್ರೆ ಸವೀತದೆ, ನಿಂತ್ರೆ ಒಣಗ್ತದೆ." ಬೆಲ್ಟನ್ನು ಮಡಚಿದರು. ಬೆನ್ನ ಮೇಲೆಲ್ಲ ಬಿರುಕು. "ಆರು ವರ್ಷಕ್ಕೆ ಹನ್ನೊಂದು ಸಾವಿರ! ನಮ್ಮ ಆಟೋದೋರು ಮೂರ್ನಾಲ್ಕು ತಿಂಗಳಿಗೆ ಓಡಿಸ್ಬುಡ್ತಾರೆ. ಕಾರ್‌ಗೆ ಬಟ್ಟೆ ಹೊದಿಸಿ ಪೂಜೆ ಮಾಡ್ತಿದ್ರಾ?"

ನಾನೂ ನಕ್ಕೆ. ಆ ಹನ್ನೊಂದು ಸಾವಿರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಒಂದೇ ರಸ್ತೆಯದು ಎಂದು ಅವರಿಗೆ ಹೇಳಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ನನಗೆ ಶನಿವಾರ ಅರ್ಧ ದಿನ ಕೆಲಸ. ಕುವೆಂಪುನಗರದ ರೂಮಿನಲ್ಲಿ ಜೊತೆಗಿದ್ದವನು ಮದುವೆಯಾಗಿ ಹೋದ ಮೇಲೆ ಶನಿವಾರ ಎರಡು ಗಂಟೆಯಿಂದ ಮಲಗುವವರೆಗೂ ಯಾರ ಹತ್ತಿರವೂ ಮಾತಿರುತ್ತಿರಲಿಲ್ಲ. ಕಾರು ತೆಗೆದುಕೊಂಡು ಇಲವಾಲದವರೆಗೆ ಹೋಗಿ, ಕಾಫಿ ಕುಡಿದು ವಾಪಸು ಬರುತ್ತಿದ್ದೆ. ಹೋಟೆಲಿನವನಿಗೆ ನನ್ನ ಮುಖ ಗೊತ್ತಿತ್ತು. ಸಕ್ಕರೆ ಕಮ್ಮಿ ಎಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

"ಬೆಲ್ಟ್ ಕಡಿದಾಗ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದಿರಬೈದು. ವಾಲ್ವ್ ಬಗ್ಗಿದ್ರೆ ಎಂಜಿನ್ ಬಿಚ್ಬೇಕು. ಈ ವಯಸ್ಸಿನ ಗಾಡಿಗೆ ಅದೆಲ್ಲ ಯಾಕೆ, ಕೊಟ್ಬುಡಿ ಅಂತೀನಿ. ಸೋಮವಾರ ಗೊತ್ತಾಯ್ತದೆ."

ಭಾನುವಾರ ರೂಮಿನಿಂದ ಹೊರಗೇ ಹೋಗಲಿಲ್ಲ. ಕಾರು ಕೊಟ್ಟುಬಿಟ್ಟರೆ ಶನಿವಾರಗಳನ್ನು ಏನು ಮಾಡುವುದು ಎಂದು ಯೋಚಿಸಿದೆ. ಡೈರಿಯಲ್ಲಿ ಆ ದಿನದ ಪುಟ ಖಾಲಿಯಿದೆ.

ಸೋಮವಾರ ರಜೆ ಹಾಕಿ ಹೋದೆ. ಹೊಸ ಬೆಲ್ಟ್ ಕೂರಿಸಿ, ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಸರಿಯಾಗಿ ನಿಲ್ಲಿಸಿದ್ದರು. ಸ್ಪ್ಯಾನರ್ ಹಾಕಿ ಕೈಯಿಂದಲೇ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಅಷ್ಟಕ್ಕೇ ನಂಬುವ ಹಾಗಿಲ್ಲ, ವಾಲ್ವ್ ಬಗ್ಗಿದ್ದರೆ ಒತ್ತಡ ಕಮ್ಮಿ ತೋರಿಸುತ್ತದೆ ಎಂದು ನಾಲ್ಕೂ ಪ್ಲಗ್ ಬಿಚ್ಚಿ, ಒಂದು ತೂತಿಗೆ ಒತ್ತಡ ಅಳೆಯುವ ಗೇಜ್ ತಿರುಗಿಸಿ ಕೂರಿಸಿದರು.

"ಒಳಗೆ ಕೂತ್ಕೊಳಿ ಸಾರ್. ಆಕ್ಸಿಲರೇಟರ್ ಪೂರ್ತಿ ತುಳೀರಿ. ನಾ ಹೇಳಿದಾಗ ಕೀ ತಿರುಗ್ಸಿ."

ಎತ್ತಿದ ಬಾನೆಟ್ಟಿನಿಂದಾಗಿ ನನಗೆ ಅವರು ಕಾಣುತ್ತಿರಲಿಲ್ಲ. ಆಚೆಯಿಂದ ಧ್ವನಿ ಮಾತ್ರ ಬರುತ್ತಿತ್ತು.

"ಒಂದು. ನೂರಾ ಅರವತ್ತೈದು."

ಬರೆದುಕೊಂಡೆ.

"ಎರಡು. ನೂರಾ ಅರವತ್ತು. ಬರ್ಕೊಂಡ್ರಾ?"

"ಬರ್ಕೊಂಡೆ."

ಮೂರನೆಯದು ಒಂದೇ ಸಲಕ್ಕೆ ಮುಗಿಯಲಿಲ್ಲ. ಮತ್ತೆ ತಿರುಗಿಸಿ ಅಂದರು, ತಿರುಗಿಸಿದೆ.

"ನೂರಾ ಹತ್ತು."

ಪೆನ್ನು ಹಿಡಿದುಕೊಂಡೇ ಕೂತೆ. ಮೂರನೆಯದನ್ನು ಬರೆದುಬಿಟ್ಟರೆ ಮುಗಿಯಿತು ಅನ್ನಿಸಿತು. ನಾಲ್ಕನೆಯದು ನೂರಾ ಅರವತ್ತೈದು ಬಂತು. "ಮೂರನೇದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ನೋಡ್ತೀನಿ, ತಡೀರಿ," ಅಂದು ಮತ್ತೆ ಗೇಜ್ ಹಾಕಿದರು.

"ತಿರುಗ್ಸಿ... ಸಾಕು. ನೂರಾ ಐವತ್ತು!" ಬಾನೆಟ್ಟಿನ ಪಕ್ಕದಿಂದ ಮುಖ ತೂರಿಸಿದರು. "ಬದುಕ್ಕೊಂಡ್ರಿ ಸಾರ್. ವಾಲ್ವ್ ಬಗ್ಗಿದ್ರೆ ಆಯಿಲ್ ಬಿಟ್ರೂ ಏರ್ತಿರಲಿಲ್ಲ. ಪಿಸ್ಟನ್ ರಿಂಗ್ ಸವೆದದೆ, ಅಷ್ಟೇಯ. ಇನ್ನೆರಡು ವರ್ಷ ಓಡ್ಸಿ."

ಆಕ್ಸಿಲರೇಟರ್ ಇನ್ನೂ ತುಳಿದೇ ಇದ್ದೆ.

ಪ್ಲಗ್ ಹಾಕಿ ಕೀ ತಿರುಗಿಸಿದಾಗ ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. "ಐನೂರು ಕಿಲೋಮೀಟರ್ ಓಡ್ಸಿ ತಕ್ಕೊಂಬನ್ನಿ, ಒಂದ್ಸಲ ನೋಡ್ಬುಡ್ತೀನಿ. ನಿಮ್ ಸ್ಪೀಡಲ್ಲಿ ಬ್ಯಾಡ, ತಿಂಗಳೊಳಗೆ," ಅಂದರು.

ಏನೋ ಧೈರ್ಯ ಬಂದು ಕೇಳಿದೆ: "ನಿಮ್ಮೂರು ಯಾವುದು?"

"ಕೊಳ್ಳೇಗಾಲದ ಪಕ್ಕ. ಯಾಕೆ ಸಾರ್?"

"ಭಾನುವಾರ ಊರಿಗೆ ಹೋಗೋದಿದ್ರೆ ನಾನೇ ಕರ್ಕೊಂಡು ಹೋಗ್ತೀನಿ."

ಕೈ ಒರೆಸಿಕೊಳ್ಳುತ್ತಿದ್ದವರು ಒಂದು ಕ್ಷಣ ನನ್ನನ್ನೇ ನೋಡಿದರು. ತಮಾಷೆ ಮಾಡಲಿಲ್ಲ. "ಬಸ್ ಅದೆ ಬುಡಿ ಸಾರ್. ನಿಮಗ್ಯಾಕೆ ತೊಂದ್ರೆ," ಅಂದರು, ತುಂಬ ಮೃದುವಾಗಿ. ತೊಂದರೆಯೇನಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತ್ತು.

ಭಾನುವಾರ ಒಬ್ಬನೇ ಕೊಳ್ಳೇಗಾಲದ ರಸ್ತೆ ಹಿಡಿದೆ. ಅವರ ಹಳ್ಳಿಯ ಹೆಸರನ್ನು ಕೇಳಿಕೊಂಡಿರಲಿಲ್ಲ. ಕೊಳ್ಳೇಗಾಲದಲ್ಲಿ ಊಟ ಮಾಡಿ, ಸ್ವಲ್ಪ ಹೊತ್ತು ಕಾರಿನಲ್ಲೇ ಕೂತಿದ್ದು ತಿರುಗಿ ಬಂದೆ. ಹೋಗಿ ಬರುವುದು ಸೇರಿ ನೂರ ಇಪ್ಪತ್ತೆರಡು ಕಿಲೋಮೀಟರ್. ಎಂಜಿನ್ ಎಲ್ಲೂ ತಕರಾರು ಮಾಡಲಿಲ್ಲ. ಎದುರಿಗೆ ಬಂದ ಒಂದೊಂದು ಬಸ್ಸಿನ ಕಿಟಕಿಗಳನ್ನೂ ನೋಡುತ್ತ, ನಿಧಾನವಾಗಿಯೇ ಓಡಿಸಿದೆ.